ಚಳಿಗಾಲದ ಹಕ್ಕಿಗಳು ರೋಗ ತರುತ್ತವೆಯೇ? ಉತ್ತರ ಹುಡುಕಿದ ಸಲೀಂ ಅಲಿಯವರ ಕಥೆ

ಚಳಿ ಬಿತ್ತೆಂದರೆ ವಾಟ್ಸಾಪ್‌ನಲ್ಲಿ ಒಂದು ಬಗೆಯ ಸಂದೇಶ ತಪ್ಪದೇ ಓಡಾಡುತ್ತದೆ. ಸೈಬೀರಿಯಾದ ಹಕ್ಕಿಗಳು ರೋಗ ಹೊತ್ತು ತಂದಿವೆ, ಕೆರೆ ಕಡೆ ಹೋಗಬೇಡಿ, ಊರಿನ ಮರದಲ್ಲಿ ಕೂತರೆ ಓಡಿಸಿ ಎಂದು. ಕಾಲಿಗೆ ಉಂಗುರವಿರುವ ಹಕ್ಕಿ ಸಿಕ್ಕರಂತೂ ಅದು ಗೂಢಚಾರ ಹಕ್ಕಿಯೇ! ಇದನ್ನು ಮುಂದಕ್ಕೆ ಕಳಿಸುವ ಮೊದಲು ಸಲೀಂ ಅಲಿ ಎಂಬ ಮನುಷ್ಯನ ಬಗ್ಗೆ ತಿಳಿದುಕೊಳ್ಳಿ. ಇದೇ ಪ್ರಶ್ನೆ ನಮ್ಮ ರಾಜ್ಯದಲ್ಲೇ ಒಮ್ಮೆ ಗಂಭೀರವಾಗಿ ಎದ್ದಿತ್ತು. ಅದಕ್ಕೆ ಉತ್ತರ ಹುಡುಕಲು ಹೊರಟವರು ಅವರೇ.

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬೈಯಲ್ಲಿ. ಚಿಕ್ಕಂದಿನಲ್ಲೇ ತಂದೆ-ತಾಯಿ ಇಬ್ಬರೂ ತೀರಿಕೊಂಡರು; ಸೋದರಮಾವ ಸಾಕಿದರು. ಹುಡುಗ ಆಟದ ಬಂದೂಕಿನಿಂದ ಹೊಡೆದು ಬೀಳಿಸಿದ ಒಂದು ಗುಬ್ಬಿಯ ಕೊರಳಲ್ಲಿ ಹಳದಿ ಮಚ್ಚೆ ಇತ್ತು. ಅದೇನೆಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ. ಅಲ್ಲಿ ಬಿದ್ದ ಹುಚ್ಚು ಜೀವಮಾನವಿಡೀ ಬಿಡಲಿಲ್ಲ. ಹಕ್ಕಿ ಉಳಿಸಿದವರ ಕಥೆ ಹಕ್ಕಿ ಹೊಡೆಯುವುದರಿಂದ ಶುರುವಾಯಿತು ನೋಡಿ.

ಓದು ಮಾತ್ರ ನೆಟ್ಟಗೆ ಸಾಗಲಿಲ್ಲ. ಬರ್ಮಾದಲ್ಲಿ ಮನೆಯವರ ಗಣಿ ವ್ಯವಹಾರ ನೋಡಿಕೊಂಡರು, ಅದೂ ಕೈಹತ್ತಲಿಲ್ಲ. ದೊಡ್ಡ ಪದವಿ ಇಲ್ಲವೆಂದು ಸರ್ಕಾರಿ ಪಕ್ಷಿತಜ್ಞನ ಹುದ್ದೆಯೂ ಸಿಗಲಿಲ್ಲ. ಬರ್ಲಿನ್‌ಗೆ ಹೋಗಿ ಎರ್ವಿನ್ ಸ್ಟ್ರೆಸ್‌ಮನ್ ಬಳಿ ಕಲಿತು 1930ರಲ್ಲಿ ಮರಳಿದರೆ, ಮ್ಯೂಸಿಯಂನಲ್ಲಿದ್ದ ಕೆಲಸವೇ ಹೋಗಿತ್ತು. ಆಗ ಹೆಂಡತಿ ತೆಹ್ಮಿನಾ ಜೊತೆ ಕಿಹೀಮ್ ಎಂಬ ಕಡಲತೀರದ ಹಳ್ಳಿಗೆ ಹೋಗಿ ಗೀಜಗನ ಗೂಡುಗಳನ್ನು ನೋಡುತ್ತ ಕೂತರು. ಆ ಅಧ್ಯಯನವೇ ಹೆಸರು ತಂದಿತು. 1939ರಲ್ಲಿ, ಸಣ್ಣದೊಂದು ಶಸ್ತ್ರಚಿಕಿತ್ಸೆಯ ನಂತರ, ತೆಹ್ಮಿನಾ ತೀರಿಕೊಂಡರು.

ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಸಲೀಂ ಅಲಿ ಬಂದದ್ದು ಆ ದುಃಖದ ಬೆನ್ನಿಗೇ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುವೆ ಪುಟ್ಟ ಪುಟ್ಟ ದ್ವೀಪಗಳು, ಅವುಗಳ ಮರಗಳ ಮೇಲೆ ಸಾಲುಸಾಲು ಗೂಡುಗಳು. ಹಳೆಯ ಕಟ್ಟೆಯೊಂದರಿಂದ ನೀರು ನಿಂತು ಆದ ದ್ವೀಪಗಳಿವು. ಇದನ್ನು ಕಾಪಾಡಬೇಕೆಂದು ಒಡೆಯರ ಆಡಳಿತವನ್ನು ಅವರು ಒಪ್ಪಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

ಹಕ್ಕಿಗಳಿಗೆ ದ್ವೀಪವೇ ಯಾಕೆ ಬೇಕು? ಸುತ್ತಲೂ ನೀರಿದ್ದರೆ ನರಿ, ಕಾಡುಬೆಕ್ಕು, ನಾಯಿ, ಮನುಷ್ಯ ಯಾರೂ ಸುಲಭವಾಗಿ ಗೂಡಿನ ತನಕ ಬರಲಾರರು. ಮೊಸಳೆಗಳಿದ್ದರಂತೂ ಪುಕ್ಕಟೆ ಕಾವಲು. ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಸರಿಪಡಿಸೋಣ: ರಂಗನತಿಟ್ಟಿನಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ವಿದೇಶದಿಂದ ಬಂದವಲ್ಲ. ಅವು ನಮ್ಮ ದೇಶದವೇ. ದೂರದಿಂದ ಬರುವ ವಲಸೆ ಹಕ್ಕಿಗಳು ಚಳಿ ಕಳೆಯಲು, ಹೊಟ್ಟೆ ಹೊರೆಯಲು ಬರುತ್ತವೆ; ಮರಿ ಮಾಡುವುದು ತಮ್ಮ ಊರಿಗೆ ಹೋಗಿ.

ಈಗ ರೋಗದ ವಿಷಯ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜನರಿಗೂ ಜ್ವರ ಬಂತು. ಅದೇ ಮಂಗನ ಕಾಯಿಲೆ. ಅದರ ವೈರಸ್ ರಷ್ಯಾದ ಒಂದು ಮೆದುಳುಜ್ವರದ ವೈರಸ್ಸಿಗೆ ಹತ್ತಿರದ್ದಾಗಿತ್ತು. ಎರಡೂ ಉಣ್ಣೆಗಳಿಂದ ಹರಡುವಂಥವು. ಹಾಗಾದರೆ ವಲಸೆ ಹಕ್ಕಿಗಳೇ ಮೈಮೇಲೆ ಉಣ್ಣೆ ಹೊತ್ತು ತಂದವೇ? ವಿಜ್ಞಾನಿಗಳಿಗೇ ಬಂದ ಅನುಮಾನವಿದು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1959ರಲ್ಲಿ ಸಲೀಂ ಅಲಿ ಮತ್ತು ಸೊಸೈಟಿಯವರು ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಉಣ್ಣೆ ಹುಡುಕಿ, ಕಾಲಿಗೆ ಅಂಕಿಯುಳ್ಳ ಅಲ್ಯೂಮಿನಿಯಂ ಉಂಗುರ ತೊಡಿಸಿ ಹಾರಿಬಿಡುವ ಕೆಲಸ ಶುರುಮಾಡಿದರು.

ವರ್ಷಗಟ್ಟಲೆ ನಡೆದ ಕೆಲಸ. ಮಂಗನ ಕಾಯಿಲೆಯನ್ನು ಹಕ್ಕಿಗಳೇ ತಂದವು ಎಂಬುದಕ್ಕೆ ಪುರಾವೆ ಸಿಗಲಿಲ್ಲ. ಆ ರೋಗ ಹರಡುವುದು ಇಲ್ಲಿನ ಕಾಡಿನ ಉಣ್ಣೆಗಳಿಂದ. ಸತ್ತ ಮಂಗದ ಸುತ್ತ ಉದುರಿದ ಉಣ್ಣೆ, ಸೌದೆ-ತರಗೆಲೆಗೆ ಹೋದವರನ್ನು ಕಚ್ಚುತ್ತದೆ. ಮಳೆಗಾಲ ಮುಗಿದ ಮೇಲೆ ಉಣ್ಣೆಯ ಮರಿಗಳು ಹೆಚ್ಚುತ್ತವೆ, ಹಕ್ಕಿಗಳು ಬರುವುದೂ ಅದೇ ಕಾಲಕ್ಕೆ. ಎರಡೂ ಒಟ್ಟಿಗೆ ಕಂಡದ್ದರಿಂದ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಆದರೆ ಉಂಗುರಗಳಿಂದ ಬೇರೆ ಲಾಭವಾಯಿತು: ಇಲ್ಲಿ ಉಂಗುರ ತೊಟ್ಟ ಹಕ್ಕಿಗಳು ರಷ್ಯಾ, ಕಜಾಕಿಸ್ತಾನದಲ್ಲಿ ಸಿಕ್ಕವು, ಹಾರುವ ದಾರಿ ತಿಳಿಯಿತು.

ಗೂಢಚಾರ ಹಕ್ಕಿಯ ಗುಸುಗುಸು ಇಂದು ನಿನ್ನೆಯದಲ್ಲ. ಈ ಯೋಜನೆಗೆ ಮುಂದೆ ಅಮೆರಿಕದ ಸೇನೆಗೆ ಸೇರಿದ ಸಂಸ್ಥೆಯ ಹಣವೂ ಬಂದಿತ್ತು, 1970ರ ದಶಕದಲ್ಲಿ ಸಂಸತ್ತಿನ ತನಕ ಪ್ರಶ್ನೆ ಹೋಗಿತ್ತು. ಹಣ ಎಲ್ಲಿಂದ ಬಂತೆಂದು ಕೇಳಿದ್ದು ತಪ್ಪಲ್ಲ. ಉಂಗುರ ಮಾತ್ರ ಬರೀ ಲೋಹದ ಬಳೆ, ಅದರೊಳಗೆ ಯಂತ್ರವಿಲ್ಲ.

ಹಕ್ಕಿಜ್ವರದ ಮಾತು ಬೇರೆ. ಕಾಡಿನ ನೀರುಹಕ್ಕಿಗಳು ಆ ವೈರಸ್ ಹೊರಬಲ್ಲವು, ಅದು ಸುಳ್ಳಲ್ಲ. ಆದರೆ ಜನರಿಗೆ ತಗುಲಿದ ಬಹುಪಾಲು ಪ್ರಕರಣಗಳು ರೋಗ ಬಂದ ಅಥವಾ ಸತ್ತ ಕೋಳಿ, ಬಾತುಗಳನ್ನು ಮುಟ್ಟಿದವರವು. ದಂಡೆಯ ಮೇಲೆ ನಿಂತು ದೂರದಿಂದ ಹಕ್ಕಿ ನೋಡಿದರೆ ಭಯಪಡಬೇಕಾಗಿಲ್ಲ. ಸತ್ತ ಹಕ್ಕಿ ಕಂಡರೆ ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯ ಆಸ್ಪತ್ರೆಗೆ ತಿಳಿಸಿ.

ನೋಡಲು ದೂರ ಹೋಗಬೇಕಿಲ್ಲ. ಚಿಂಚಲಿಯಲ್ಲಿ ಬೆಳಗಾವಿ ಕಡೆಯ ರೈಲು ಹತ್ತಿದರೆ ರಾಯಬಾಗ, ಚಿಕ್ಕೋಡಿ ರೋಡ್ ದಾಟಿ ಘಟಪ್ರಭಾ ನಿಲ್ದಾಣ. ಹತ್ತಿರದಲ್ಲೇ ಧೂಪದಾಳದ ಹಿನ್ನೀರು. 1974ರಲ್ಲಿ ಪಕ್ಷಿಧಾಮವಾದ ಈ ನೀರಿನಲ್ಲೂ ನಡುಗಡ್ಡೆಗಳಿವೆ. ಮಧ್ಯ ಏಷ್ಯಾದಿಂದ ಬೂದು ಮೈ, ಕಪ್ಪು ಕೊರಳಿನ ಡೆಮೊಸೆಲ್ ಕ್ರೌಂಚಗಳು ಇಲ್ಲಿಗೆ ಬಂದು ಚಳಿ ಕಳೆಯುತ್ತವೆ. ಭಾರತ ಹುಣ್ಣಿಮೆಗೆ ಮಾಯಕ್ಕನ ಜಾತ್ರೆಗೆ ಬರುವವರು ಒಂದು ದಿನ ಹೆಚ್ಚು ಇಟ್ಟುಕೊಂಡರೆ ಎರಡೂ ಆಗುತ್ತದೆ. ಬೆಳಗಿನ ಹೊತ್ತು ಹೋಗಿ. ನಡುಗಡ್ಡೆಗೆ ಇಳಿಯಬೇಡಿ, ಡ್ರೋನ್ ಹಾರಿಸಬೇಡಿ. ಹೆದರಿ ಪದೇ ಪದೇ ಎದ್ದರೆ ಮರುಪಯಣಕ್ಕೆ ಕೂಡಿಟ್ಟ ಕೊಬ್ಬು ಕರಗುತ್ತದೆ.

ಸಲೀಂ ಅಲಿಯವರಿಗೆ 1976ರಲ್ಲಿ ಪದ್ಮವಿಭೂಷಣ ಬಂತು. 1987ರ ಜೂನ್ 20ರಂದು, 90ನೇ ವಯಸ್ಸಿನಲ್ಲಿ ತೀರಿಕೊಂಡರು. ಉಂಗುರ ತೊಡಿಸುವ ಕೆಲಸವನ್ನು ಸೊಸೈಟಿ ಮುಂದುವರಿಸಿತು. ಉಂಗುರವಿರುವ ಹಕ್ಕಿ ನಿಮಗೆ ಸಿಕ್ಕರೆ ಅದನ್ನು ಬಿಚ್ಚಬೇಡಿ. ಅಂಕಿ ಕಾಣುವಂತೆ ಫೋಟೋ ತೆಗೆದು, ಸಿಕ್ಕ ಜಾಗ ಮತ್ತು ದಿನ ಬರೆದು, ಅವರಿಗೋ ಅರಣ್ಯ ಇಲಾಖೆಗೋ ಕಳಿಸಿ.