ಕೋಲಾರದ ಚಿನ್ನವೂ ವಾರೆನ್ ಸಾಹೇಬನೂ

ಬಂಗಾರಪೇಟೆಯಲ್ಲಿಳಿದು ಗಣಿಗಳ ಕಡೆಗೆ ಹೋಗುವ ರೈಲನ್ನು ಹತ್ತಿದವರು ಮಾರಿಕುಪ್ಪಂ ಎಂಬ ಕಡೆಯ ನಿಲ್ದಾಣವನ್ನು ಬಲ್ಲರು. ಗಣಿಗಳು 2001ನೆಯ ಇಸವಿಯಲ್ಲಿ ಮುಚ್ಚಿಹೋದುವಾದರೂ ಆ ಹೆಸರು ಉಳಿದಿದೆ. ಅದನ್ನು ಚಿನ್ನದೊಡನೆ ಸೇರಿಸಿ ಕಂಪನಿ ಸರ್ಕಾರದ ದಫ್ತರಕ್ಕೆ ಏರಿಸಿದವನು ಜಾನ್ ವಾರೆನ್ ಎಂಬ ದಂಡಿನ ಅಧಿಕಾರಿ. ಕೋಲಾರದ ಚಿನ್ನವನ್ನು ಕಂಡುಹಿಡಿದವನೇ ಆತನೆಂದು ಹೇಳುವ ರೂಢಿಯುಂಟು. ಈ ಮಾತನ್ನು ನಾವು ಒಪ್ಪಲಾರೆವು. ಆತನ ವರದಿಯೇ ಅದಕ್ಕೆ ಪ್ರತಿಕೂಲವಾದ ಸಾಕ್ಷಿಯಾಗಿದೆ.

ವಾರೆನ್ ಹೆಸರಿನಲ್ಲಿ ಆಂಗ್ಲನು, ಹುಟ್ಟಿನಲ್ಲಿ ಫ್ರೆಂಚನು, ವಂಶದಲ್ಲಿ ಐರಿಷನು. 1769ರಲ್ಲಿ ಇಟಲಿಯ ಲಿವೋರ್ನೊ ಪಟ್ಟಣದಲ್ಲಿ ಜನಿಸಿದನು. ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ ದಿಕ್ಕು ತಪ್ಪಿದ ಅನೇಕ ಕುಲೀನರಂತೆ ಈತನೂ ಅನ್ನಕ್ಕಾಗಿ ಪರರ ಸೇವೆಯನ್ನು ಹಿಡಿದು, ಆಂಗ್ಲರ 33ನೆಯ ಕಾಲ್ದಳವನ್ನು ಸೇರಿದನು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದನು. ಬಳಿಕ ಖಡ್ಗವನ್ನು ಬದಿಗಿಟ್ಟು ಮೋಜಣಿಯ ಸರಪಣಿಯನ್ನು ಹಿಡಿದನು. ಲ್ಯಾಂಬ್ಟನ್ನನ ಕೈಕೆಳಗೆ 1804ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕ ಆಧಾರರೇಖೆಯನ್ನು ಅಳೆದಾಗ, ಮದರಾಸಿನಿಂದ ಗಣಿಸಿ ತಂದ ಲೆಕ್ಕಕ್ಕೂ ನೆಲದ ಅಳತೆಗೂ ನಾಲ್ಕು ಅಂಗುಲದಷ್ಟು ಕೂಡ ಅಂತರ ಬರಲಿಲ್ಲವೆಂಬುದು ಇಂದಿಗೂ ಬೆರಗಿನ ಸಂಗತಿ.

ಇದಕ್ಕೆ ಎರಡು ವರ್ಷ ಮುಂಚೆ, 1802ರಲ್ಲಿ, ಮೈಸೂರು ಸೀಮೆಯ ಪೂರ್ವದ ಎಲ್ಲೆಯನ್ನು ಗುರುತಿಸುತ್ತ ಕೋಲಾರದ ಕಡೆಗೆ ಬಂದ ಆತನ ಕಿವಿಗೆ ಚಿನ್ನದ ಸುದ್ದಿ ಬಿತ್ತು. ತೋರಿಸಿದವರಿಗೆ ಬಹುಮಾನವೆಂದು ಸಾರಿಸಿದನು. ಉರಿಗಾಮಿನ ರೈತರು ಬಂಡಿಗಳಲ್ಲಿ ಮಣ್ಣನ್ನು ಹೇರಿಕೊಂಡು ಬಂದು ಆತನ ಕಣ್ಣೆದುರಿಗೇ ತೊಳೆದು, ಹಳದಿ ಕಣಗಳನ್ನು ಎತ್ತಿ ತೋರಿಸಿದರು. ಮಾರಿಕುಪ್ಪದಲ್ಲಿ ಇನ್ನೂ ಹೆಚ್ಚಿನದನ್ನು ಕಂಡನು. ಸಮಾಜವು ದೂರವಿಟ್ಟ ಬಡಜನರು 30 ಅಡಿ, 45 ಅಡಿ ಆಳದ ಇಕ್ಕಟ್ಟಾದ ಕುಳಿಗಳಿಗೆ ಇಳಿದು ಕಲ್ಲನ್ನು ಒಡೆಯುತ್ತಿದ್ದರು. ಬುಟ್ಟಿಗಳು ಕೈಯಿಂದ ಕೈಗೆ ಮೇಲೇರುತ್ತಿದ್ದುವು. ಮೇಲೆ ಹೆಂಗಸರು ಆ ಕಲ್ಲನ್ನು ಕುಟ್ಟಿ ಪುಡಿಮಾಡಿ ತೊಳೆಯುತ್ತಿದ್ದರು. 120 ಪೌಂಡು ಮಣ್ಣಿಗೆ ಒಂದು ಗ್ರೇನು ಚಿನ್ನ! ಇಷ್ಟು ಅಲ್ಪಕ್ಕಾಗಿ ಪ್ರಾಣವನ್ನು ಒತ್ತೆಯಿಟ್ಟಿದ್ದವರ ಹೆಸರುಗಳು ಕೋಲಾರದ ಚರಿತ್ರೆಯಲ್ಲಿ ನಿಂತಿಲ್ಲ.

ಇವರು ಈ ವಿದ್ಯೆಯನ್ನು ಎಲ್ಲಿಂದ ಪಡೆದರು? ಇಲ್ಲಿಯೇ ಬಿಡಿಸಲಾರದ ಒಗಟು ಮೊದಲಾಗುತ್ತದೆ. ಬಂಡೆಯನ್ನು ಬೆಂಕಿಯಿಂದ ಕಾಯಿಸಿ ನೀರೆರಚಿ ಸೀಳುತ್ತಿದ್ದ ಪ್ರಾಚೀನರ ಕುಳಿಗಳು ಕೋಲಾರದಲ್ಲಿಯೂ ರಾಯಚೂರು ಸೀಮೆಯ ಹಟ್ಟಿಯಲ್ಲಿಯೂ ಇವೆ. ಹಟ್ಟಿಯಲ್ಲಿ ಅವು 640 ಅಡಿ ಇಳಿದಿವೆ. ಅಲ್ಲಿ ದೊರೆತ ಮರದ ವಯಸ್ಸು ಸುಮಾರು ಎರಡು ಸಾವಿರ ವರ್ಷವೆಂದು ಇಂಗಾಲದ ಪರೀಕ್ಷೆ ತಿಳಿಸಿದೆ. ಅಷ್ಟು ಆಳದಲ್ಲಿ ಉಸಿರಾಡಿದುದು ಹೇಗೆ, ಒಸರುವ ನೀರನ್ನು ಹೊರಹಾಕಿದುದು ಹೇಗೆ, ದುಡಿಸಿದ ಅರಸನಾರು? ಕೆರೆಕಟ್ಟೆಗಳ ದಾನವನ್ನು ಕಲ್ಲಿನಲ್ಲಿ ಕೊರೆಯಿಸಿದ ನಾಡಿನಲ್ಲಿ ಇದಕ್ಕೆ ಉತ್ತರ ಕೊಡುವ ಶಾಸನವಿಲ್ಲ.

ಮೊಹೆಂಜೊದಾರೊ ಉತ್ಖನನದ ಬಗ್ಗೆ 1931ರಲ್ಲಿ ಮಾರ್ಷಲನು ಪ್ರಕಟಿಸಿದ ಗ್ರಂಥವು ಈ ಒಗಟನ್ನು ಇನ್ನಷ್ಟು ಹಿಂದಕ್ಕೆ ತಳ್ಳಿತು. ಅಲ್ಲಿಯ ಚಿನ್ನದಲ್ಲಿ ಬೆಳ್ಳಿಯ ಬೆರಕೆಯಿದೆ. ಕೋಲಾರದ ಚಿನ್ನದಲ್ಲಿಯೂ ಇದೆ. ಆದುದರಿಂದ ಸಿಂಧೂ ಕಣಿವೆಯ ಒಡವೆಗಳಿಗೆ ದಕ್ಷಿಣದ ಚಿನ್ನ ಹೋಗಿರಬಹುದೆಂದು ಪ್ಯಾಸ್ಕೋ ಎಂಬ ಭೂಶಾಸ್ತ್ರಜ್ಞನು ಊಹಿಸಿದನು. ಕನ್ನಡಿಗರಿಗೆ ಇದು ಕರ್ಣಾನಂದಕರವಾದ ಮಾತೇ ಸರಿ. ಆದರೆ ಬೆಳ್ಳಿ ಬೆರೆತ ಚಿನ್ನ ನದಿಗಳ ಮರಳಿನಲ್ಲಿಯೂ ಸಿಕ್ಕುತ್ತದೆ. ಸಿಂಧೂ ನಗರಗಳಿಗೂ ಹಟ್ಟಿಯ ಮರಕ್ಕೂ ನಡುವೆ ಎರಡು ಸಾವಿರ ವರ್ಷಗಳ ಕಂದರವಿದೆ. ಅಭಿಮಾನವು ಸೇತುವೆಯಾಗಲಾರದು.

ಮದರಾಸಿನ ಖಗೋಳ ವೇಧಶಾಲೆಯಲ್ಲಿ 1805ರಿಂದ ಕೆಲವು ವರ್ಷ ದುಡಿದು, 1807ರ ದೊಡ್ಡ ಧೂಮಕೇತುವನ್ನು ವೀಕ್ಷಿಸಿದ ವಾರೆನ್ನನು, ನೆಪೋಲಿಯನ್ನನ ಪತನಾನಂತರ ಸ್ವದೇಶಕ್ಕೆ ಹೋಗಿ ಮರಳಿ ಪಾಂಡಿಚೇರಿಯಲ್ಲಿ ನೆಲಸಿದನು. ನಮ್ಮ ಪಂಚಾಂಗಗಳ ಗಣಿತವನ್ನು ವಿವರಿಸುವ ಕಾಲಸಂಕಲಿತವೆಂಬ ಗ್ರಂಥವನ್ನು 1825ರಲ್ಲಿ ಪ್ರಕಟಿಸಿದನು. ಅಲ್ಲಿಯ ಪಂಚಾಂಗದವನೊಬ್ಬನು ನೆಲದ ಮೇಲೆ ಕವಡೆಗಳನ್ನಿಟ್ಟು, ಕಂಠಪಾಠದ ಕೋಷ್ಟಕಗಳಿಂದಲೇ ಆ ವರ್ಷದ ಚಂದ್ರಗ್ರಹಣವನ್ನು ಗಣಿಸಿದುದನ್ನು ಆತನು ಹಂತಹಂತವಾಗಿ ಬರೆದುಕೊಂಡನು. ಗಣಿಸಿದವನ ಹೆಸರನ್ನೂ ಬರೆದನು. ಆತನ ಕಾಗುಣಿತವನ್ನು ತಿದ್ದಿ ಓದಿದರೆ ಸ್ವಾಮಿನಾಥ ಶೇಷಯ್ಯ ಎಂದಿರಬೇಕೆಂದು ನಮಗೆ ತೋರುತ್ತದೆ. ಮಾರಿಕುಪ್ಪದವರಿಗೆ ಇಷ್ಟು ಭಾಗ್ಯವೂ ಇರಲಿಲ್ಲ. ಆ ಗಣಿತದಲ್ಲಿರುವ ಚಂದ್ರನ 248 ದಿನಗಳ ಆವರ್ತವು ಬಾಬಿಲೋನಿನ ಇಟ್ಟಿಗೆಲೇಖಗಳಲ್ಲಿಯೂ ಇದೆಯೆಂದು 1952ರಲ್ಲಿ ನಾಯ್ಗೆಬಾವರ್ ಎಂಬ ಪಂಡಿತನು ತೋರಿಸಿದನು. ಅದು ಯಾವ ದಾರಿಯಿಂದ ಪಾಂಡಿಚೇರಿಯ ಕವಡೆಗಳಿಗೆ ಬಂದಿತೆಂಬುದೂ ಪೂರ್ಣವಾಗಿ ಬಗೆಹರಿದಿಲ್ಲ.

ವಾರೆನ್ನನು 1830ರಲ್ಲಿ ಪಾಂಡಿಚೇರಿಯಲ್ಲಿಯೇ ಮೃತನಾದನು. ಲವೆಲ್ ಎಂಬ ಐರಿಷ್ ಸಿಪಾಯಿಯು ಮೈಸೂರು ಸರ್ಕಾರದಿಂದ ಗಣಿಯ ಪರವಾನಗಿಯನ್ನು ಪಡೆದುದು 1875ರಲ್ಲಿ. 1880ರಲ್ಲಿ ಟೇಲರ್ ಕಂಪನಿಯವರು ಬಂದರು. ಹಣವೆಲ್ಲ ಕರಗಿ ಉದ್ಯಮವು ಮುಳುಗುವಂತಿದ್ದಾಗ ಅವರ ಪ್ಲಮ್ಮರನೆಂಬ ಅಧಿಕಾರಿಯು ಹಳೆಯವರ ಕುಳಿಗಳ ತಳವನ್ನೇ ಕೆದಕಿಸಿದನು. ಚಾಂಪಿಯನ್ ರೀಫ್ ಎಂದು ಹೆಸರಾದ ಚಿನ್ನದ ಪದರವು ಅಲ್ಲಿ, ಅವರು ನಿಲ್ಲಿಸಿದ್ದ ಕಡೆಯಲ್ಲಿಯೇ, ಸಿಕ್ಕಿತು.