ಡಾಪ್ಲರ್ ಕೇಳದ ಸದ್ದು

ಆಂಬುಲೆನ್ಸ್ ಹತ್ತಿರ ಬಂದಾಗ ಸೈರನ್ ಸ್ವರ ಏರುತ್ತೆ, ದಾಟಿ ಹೋದ್ಮೇಲೆ ಇಳಿಯುತ್ತೆ. ಪಿಯುಸಿಯಿಂದಲೂ ಡಾಪ್ಲರ್ ಅಂದ್ರೆ ನಮಗೆ ಇಷ್ಟೇ, ಜೊತೆಗೊಂದು ಸೂತ್ರ. ಆ ಸೂತ್ರದ ಹಿಂದೆ ಒಬ್ಬ ಮೇಷ್ಟ್ರಿದ್ದರು ಅನ್ನೋದನ್ನ ನಾವು ಮರೆತೇಬಿಟ್ಟಿದ್ದೀವಿ.

ಕ್ರಿಶ್ಚಿಯನ್ ಡಾಪ್ಲರ್ ಹುಟ್ಟಿದ್ದು 1803ರ ನವೆಂಬರ್ 29ರಂದು, ಇಂದಿನ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ. ಮನೆತನದ ಕಸುಬು ಕಲ್ಲುಕೆಲಸ. ಇವರದ್ದು ಬಡಕಲು ಮೈ. ಉಳಿ, ಸುತ್ತಿಗೆ ಒಗ್ಗಲಿಲ್ಲ, ಗಣಿತ ಒಗ್ಗಿತು. ವಿಯೆನ್ನಾದಲ್ಲಿ ಓದಿದ ಮೇಲೂ ಕಾಯಂ ಕೆಲಸ ಸಿಗದೆ ಹತ್ತಿ ಗಿರಣಿಯಲ್ಲಿ ಲೆಕ್ಕ ಬರೆದರು. ಬೇಸತ್ತು, ಅಮೆರಿಕಕ್ಕೆ ಹೋಗಿಬಿಡೋಣ ಅಂತ ಸಾಮಾನು ಮಾರಿದರು. ಅಷ್ಟರಲ್ಲಿ, 1835ರಲ್ಲಿ, ಪ್ರಾಗ್‌ನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. 1841ರ ಹೊತ್ತಿಗೆ ಅಲ್ಲಿನ ಪಾಲಿಟೆಕ್ನಿಕ್‌ನಲ್ಲಿ ಪ್ರೊಫೆಸರ್.

1842ರ ಮೇ 25ರಂದು ಪ್ರಾಗ್‌ನ ವಿಜ್ಞಾನ ಸಂಘದಲ್ಲಿ ಅವರು ಒಂದು ಪ್ರಬಂಧ ಓದಿದರು. ಅಲೆಯ ಮೂಲವೋ ಗ್ರಹಿಸುವವನೋ ಚಲಿಸಿದರೆ ಫ್ರೀಕ್ವೆನ್ಸಿ ಬದಲಾದಂತೆ ಕಾಣುತ್ತೆ ಅನ್ನೋದು ವಾದ. ಕೊಟ್ಟ ಉದಾಹರಣೆ ಜೋಡಿ ನಕ್ಷತ್ರಗಳ ಬಣ್ಣ. ಆ ಉದಾಹರಣೆ ತಪ್ಪಿತ್ತು. ನಕ್ಷತ್ರದ ಬಣ್ಣ ಮುಖ್ಯವಾಗಿ ಅದರ ಉಷ್ಣತೆಯಿಂದ ಬರೋದು. ತತ್ತ್ವ ಮಾತ್ರ ಸರಿಯಿತ್ತು. 1845ರಲ್ಲಿ ಡಚ್ ವಿಜ್ಞಾನಿ ಬಾಯ್ಸ್ ಬ್ಯಾಲಟ್ ಉಟ್ರೆಕ್ಟ್ ಬಳಿ ರೈಲಿನ ಮೇಲೆ ತುತ್ತೂರಿ ಊದಿಸಿ, ಹಳಿ ಪಕ್ಕ ಸಂಗೀತಗಾರರನ್ನು ನಿಲ್ಲಿಸಿ ಕೇಳಿಸಿದರು. ಸ್ವರ ನಿಜಕ್ಕೂ ಬದಲಾಯಿತು.

1850ರಲ್ಲಿ ಡಾಪ್ಲರ್ ವಿಯೆನ್ನಾ ವಿಶ್ವವಿದ್ಯಾಲಯದ ಭೌತಶಾಸ್ತ್ರ ಸಂಸ್ಥೆಯ ಮೊದಲ ನಿರ್ದೇಶಕರಾದರು. ಆದರೂ ನೆಮ್ಮದಿ ಸಿಗಲಿಲ್ಲ. 1852ರಲ್ಲಿ, ಕ್ಯಾಮೆರಾ ಲೆನ್ಸ್‌ಗೆ ಹೆಸರಾದ ಗಣಿತಜ್ಞ ಪೆಟ್ಜ್‌ವಾಲ್, ಇಷ್ಟು ಸರಳ ಸೂತ್ರದಲ್ಲಿ ಏನು ವಿಜ್ಞಾನವಿದೆ ಅಂತ ಬಹಿರಂಗವಾಗಿಯೇ ತಳ್ಳಿಹಾಕಿದರು. ಅಷ್ಟೊತ್ತಿಗೆ ಶ್ವಾಸಕೋಶ ಕೆಟ್ಟಿತ್ತು. ಹವಾ ಬದಲಾವಣೆಗೆಂದು ವೆನಿಸ್‌ಗೆ ಹೋದ ಡಾಪ್ಲರ್ 1853ರ ಮಾರ್ಚ್ 17ರಂದು ಅಲ್ಲೇ ತೀರಿಕೊಂಡರು. ವಯಸ್ಸು 49.

ಆ ಸರಳ ಸೂತ್ರ ಇವತ್ತು ಗರ್ಭಿಣಿಯರ ಸ್ಕ್ಯಾನಿಂಗ್ ಕೋಣೆಯಲ್ಲಿದೆ. 1977ರಲ್ಲಿ ಡಬ್ಲಿನ್‌ನ ಸಂಶೋಧಕರು ಅಲ್ಟ್ರಾಸೌಂಡ್ ಬಳಸಿ ಹೊಕ್ಕುಳಬಳ್ಳಿಯ ರಕ್ತದ ಹರಿವನ್ನು ಗುರುತಿಸಿದರು, ಸೂಜಿ ಚುಚ್ಚದೆ. ಇಲ್ಲಿ ಓಡುವ ರೈಲು ಅಂದ್ರೆ ಕೆಂಪು ರಕ್ತಕಣ. ಬಸುರಿಯಲ್ಲಿ ಗರ್ಭಕೋಶದ ಸಣ್ಣ ಸುರುಳಿ ಅಪಧಮನಿಗಳು ಅಗಲವಾಗಿ, ರಕ್ತಕ್ಕೆ ತಡೆ ಕಡಿಮೆಯಾಗಬೇಕು. ಆಗದಿದ್ದರೆ ತಾಯಿಗೆ ಬಿಪಿ ಏರುವ, ಮಗುವಿನ ಬೆಳವಣಿಗೆ ಕುಂಠಿತವಾಗುವ ಅಪಾಯ ಹೆಚ್ಚು. ಹೊಕ್ಕುಳಬಳ್ಳಿಯಲ್ಲಿ ಎರಡು ಬಡಿತಗಳ ನಡುವೆಯೂ ರಕ್ತ ಮಾಸಿನ ಕಡೆಗೆ ಹರಿಯುತ್ತಲೇ ಇರಬೇಕು. ಅದು ನಿಂತರೆ ಅಥವಾ ಹಿಮ್ಮುಖವಾದರೆ, ಹೆರಿಗೆ ಯಾವಾಗ ಮಾಡಿಸೋದು ಅಂತ ವೈದ್ಯರು ಯೋಚಿಸಲೇಬೇಕಾಗುತ್ತೆ.

ನಾವೇ ಲೆಕ್ಕ ಹಾಕಬಹುದು. 3 ಮೆಗಾಹರ್ಟ್ಜ್ ಅಲೆ, ಸೆಕೆಂಡಿಗೆ ಅರ್ಧ ಮೀಟರ್ ವೇಗದ ರಕ್ತ, 60 ಡಿಗ್ರಿ ಕೋನ, ದೇಹದೊಳಗೆ ಶಬ್ದದ ವೇಗ ಸೆಕೆಂಡಿಗೆ 1540 ಮೀಟರ್. ಅಲೆ ಹೋಗಿ ಬರೋದ್ರಿಂದ ಎರಡರಿಂದ ಗುಣಿಸಿ. ಫ್ರೀಕ್ವೆನ್ಸಿ ವ್ಯತ್ಯಾಸ ಸುಮಾರು 974 ಹರ್ಟ್ಜ್, ಅಂದ್ರೆ ನಮ್ಮ ಕಿವಿಗೆ ಕೇಳುವಷ್ಟು. ಅದಕ್ಕೇ ಯಂತ್ರಕ್ಕೊಂದು ಸ್ಪೀಕರ್ ಇರುತ್ತೆ. ಉಟ್ರೆಕ್ಟ್‌ನ ಹಳಿ ಪಕ್ಕ ನಿಂತವರ ಹಾಗೆ ವೈದ್ಯರು ಪರದೆ ನೋಡ್ತಾ ಕಿವಿಯನ್ನೂ ಕೊಡ್ತಾರೆ. ಆ ಸದ್ದಿನಲ್ಲಿ ಎರಡು ಜೀವದ ಸುದ್ದಿ ಇರುತ್ತೆ.