ಐವತ್ತನೆಯ ನಂಬರಿನ ಮನೆ: ಮಿಖಾಯಿಲ್ ಬುಲ್ಗಾಕೋವ್ ಅವರ ಬದುಕು

ದೀಪಗಳು ರಾತ್ರಿ ಒಂದೆಡೆ ಸೇರಿ ಮನೆಮನೆಯ ಸುದ್ದಿ ಮಾತನಾಡಿಕೊಳ್ಳುವ ಕತೆಯನ್ನೂ, ಹೂವಿನ ಗಿಡವಾಗಬಲ್ಲ ಹುಡುಗಿಯ ಕತೆಯನ್ನೂ ಅಜ್ಜಿಯರ ಬಾಯಿಂದ ಕೇಳಿ ಬೆಳೆದ ನಮಗೆ, ದಿನನಿತ್ಯದ ಬದುಕಿನ ನಡುವೆ ಅದ್ಭುತವು ಕಾಲಿಡುವುದು ಹೊಸ ಸಂಗತಿಯೇನಲ್ಲ. ಇಂದು ಮಾಂತ್ರಿಕ ವಾಸ್ತವ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಕಾದಂಬರಿಗಳನ್ನು ಓದುವಾಗ ನಾವು ಬೇಗನೆ ಹೊಂದಿಕೊಳ್ಳುವುದಕ್ಕೆ ಇದೇ ಕಾರಣವಿರಬಹುದು. ಆದರೆ ಅದ್ಭುತವು ಕಾಡು, ಕೋಟೆ, ಹಳ್ಳಿಯ ಗುಡಿಗಳನ್ನು ಬಿಟ್ಟು ಟ್ರಾಮು ಓಡುವ ನಗರಕ್ಕೆ, ಬಾಡಿಗೆಯ ಕೋಣೆಗೆ, ಕಚೇರಿಯ ಕಾಗದಪತ್ರಗಳ ನಡುವಿಗೆ ಹೇಗೆ ಬಂದಿತು ಎಂಬುದನ್ನು ತಿಳಿಯಬೇಕಾದರೆ ರಷ್ಯನ್ ಭಾಷೆಯ ಲೇಖಕ ಮಿಖಾಯಿಲ್ ಬುಲ್ಗಾಕೋವ್ ಅವರ ಬದುಕನ್ನು ನೋಡಬೇಕು. ಅವರು ತೀರಿಕೊಂಡದ್ದು 1940ರಲ್ಲಿ. ಅವರ ಮುಖ್ಯ ಕೃತಿ 'ಮಾಸ್ಟರ್ ಮತ್ತು ಮಾರ್ಗರೀಟಾ' ಅಚ್ಚಾದದ್ದು ಅದಾದ 26 ವರ್ಷಗಳ ಮೇಲೆ.

ಬುಲ್ಗಾಕೋವ್ ಅವರು 1891ರ ಮೇ 15ರಂದು ಕೀವ್ ನಗರದಲ್ಲಿ ಜನಿಸಿದರು. ತಂದೆ ಅಲ್ಲಿನ ಕ್ರೈಸ್ತ ಧರ್ಮಶಾಸ್ತ್ರದ ಅಕಾಡೆಮಿಯಲ್ಲಿ ಅಧ್ಯಾಪಕರಾಗಿದ್ದರು. ಏಳು ಮಕ್ಕಳಲ್ಲಿ ಇವರೇ ಹಿರಿಯರು. 1907ರಲ್ಲಿ ತಂದೆ ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡಾಗ ಇವರಿಗೆ ಇನ್ನೂ ಹದಿನಾರು ತುಂಬಿರಲಿಲ್ಲ. ಮುಂದೆ ವೈದ್ಯಕೀಯ ಓದಿ, 1916ರಲ್ಲಿ ಪದವಿ ಪಡೆದು, ಸ್ಮೋಲೆನ್‌ಸ್ಕ್ ಪ್ರಾಂತದ ನಿಕೋಲ್‌ಸ್ಕೊಯೆ ಎಂಬ ದೂರದ ಹಳ್ಳಿಯ ಆಸ್ಪತ್ರೆಗೆ ವೈದ್ಯರಾಗಿ ಹೋದರು. ಮಹಾಯುದ್ಧದ ಕಾಲ, ಹಿರಿಯ ವೈದ್ಯರೆಲ್ಲ ರಣರಂಗದಲ್ಲಿದ್ದರು. ಅನುಭವವಿಲ್ಲದ ಇಪ್ಪತ್ತೈದರ ತರುಣ, ಹಿಮದ ನಡುವಿನ ಆ ಆಸ್ಪತ್ರೆಯಲ್ಲಿ ಹೆರಿಗೆಯಿಂದ ಹಿಡಿದು ಕಾಲು ಕತ್ತರಿಸುವವರೆಗೆ ಎಲ್ಲವನ್ನೂ ತಾನೇ ಮಾಡಬೇಕಾಗಿತ್ತು. ಈ ದಿನಗಳನ್ನು ಕುರಿತು ಅವರು ಮುಂದೆ ಬರೆದ ಕತೆಗಳು ಇಂದಿಗೂ ವೈದ್ಯರ ಮೆಚ್ಚಿನ ಓದು.

ಆ ಹಳ್ಳಿಯಲ್ಲಿಯೇ ಅವರಿಗೆ ಮಾರ್ಫಿನ್ ಚಟ ಅಂಟಿಕೊಂಡಿತು. ಗಂಟಲಮಾರಿಗೆ ತುತ್ತಾದ ಮಗುವೊಂದಕ್ಕೆ ಚಿಕಿತ್ಸೆ ಮಾಡುವಾಗ ತಮಗೂ ಸೋಂಕು ತಗುಲಬಹುದೆಂದು ಹೆದರಿ ಚುಚ್ಚುಮದ್ದು ತೆಗೆದುಕೊಂಡರು. ಅದರ ನೋವನ್ನು ತಡೆಯಲಾರದೆ ಮಾರ್ಫಿನ್ ತೆಗೆದುಕೊಂಡರು. ಅಲ್ಲಿಂದ ಬಿಡಲಾಗದ ಸ್ಥಿತಿಗೆ ಬಂದರು. ಅವರನ್ನು ಉಳಿಸಿದವರು ಮೊದಲ ಪತ್ನಿ ತತ್ಯಾನಾ ಲಾಪಾ. ಔಷಧದಲ್ಲಿ ಸ್ವಲ್ಪಸ್ವಲ್ಪವಾಗಿ ಶುದ್ಧ ನೀರನ್ನು ಬೆರೆಸುತ್ತ ಬಂದು, ಕೊನೆಗೆ ಬರಿಯ ನೀರನ್ನೇ ಕೊಟ್ಟು ಚಟ ಬಿಡಿಸಿದ ಬಗೆಯನ್ನು ಆಕೆ ಮುಪ್ಪಿನಲ್ಲಿ ನೆನಪಿಸಿಕೊಂಡಿದ್ದಾರೆ. ಮಾರ್ಫಿನ್‌ನ ಹಿಡಿತಕ್ಕೆ ಒಮ್ಮೆ ಸಿಕ್ಕಿದವರು ಪೂರ್ಣವಾಗಿ ಬಿಡಿಸಿಕೊಂಡು ಬರುವುದು ಸುಲಭವಲ್ಲ.

1918ರಲ್ಲಿ ದಂಪತಿಗಳು ಕೀವ್‌ಗೆ ಮರಳಿದಾಗ ಅಲ್ಲಿ ಅಂತರ್ಯುದ್ಧ ನಡೆದಿತ್ತು. ಜರ್ಮನರು, ಉಕ್ರೇನಿನ ರಾಷ್ಟ್ರೀಯ ಪಡೆಗಳು, ಬೋಲ್ಶೆವಿಕರು, ಶ್ವೇತ ಸೇನೆ ಹೀಗೆ ನಗರವು ಕೈಯಿಂದ ಕೈಗೆ ದಾಟುತ್ತಲೇ ಇತ್ತು. ಬುಲ್ಗಾಕೋವ್ ಅವರ ಲೆಕ್ಕದಲ್ಲಿ ಅಧಿಕಾರ ಬದಲಾದದ್ದು 14 ಬಾರಿ. 1919ರಲ್ಲಿ ಶ್ವೇತ ಸೇನೆಯ ವೈದ್ಯರಾಗಿ ಕಾಕಸಸ್ ಪ್ರಾಂತಕ್ಕೆ ಹೋದರು. ಸೇನೆ ಸೋತು ಹಿಮ್ಮೆಟ್ಟಿದಾಗ ಇವರು ವ್ಲಾದಿಕಾವ್ಕಾಜ್‌ನಲ್ಲಿ ಟೈಫಸ್ ಜ್ವರದಿಂದ ಪ್ರಜ್ಞೆಯಿಲ್ಲದೆ ಮಲಗಿದ್ದರು. ತಮ್ಮಂದಿರಿಬ್ಬರು ದೇಶ ಬಿಟ್ಟು ಕೊನೆಗೆ ಪ್ಯಾರಿಸ್ ಸೇರಿದರು, ಅಣ್ಣ ಉಳಿದರು. ಒಂದು ಜ್ವರದ ದೆಸೆಯಿಂದ ಆದ ಈ ಅಗಲಿಕೆ ಜೀವನಪರ್ಯಂತ ಮುಂದುವರಿಯಿತು. ಗುಣವಾದ ಮೇಲೆ ವೈದ್ಯವೃತ್ತಿಯನ್ನು ತೊರೆದು ಬರವಣಿಗೆಯನ್ನೇ ಹಿಡಿದರು.

1921ರ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಅವರು ಮಾಸ್ಕೋಗೆ ಬಂದರು. ದೊಡ್ಡ ನಗರಕ್ಕೆ ಒಂದು ಪೆಟ್ಟಿಗೆ ಹಿಡಿದು ಬಂದು, ಪರಿಚಯದವರ ಮೂಲಕ ಒಂದು ಕೋಣೆ ಹಿಡಿದ ಅನುಭವ ನಮ್ಮ ಓದುಗರಲ್ಲಿ ಹಲವರಿಗೆ, ಅಥವಾ ಅವರ ತಂದೆತಾಯಿಯರಿಗೆ, ಇದ್ದೇ ಇರುತ್ತದೆ. ಅಂಥವರಿಗೆ ಮುಂದಿನದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇವರ ಭಾವ ತಾವಿದ್ದ ಕೋಣೆಯೊಂದನ್ನು ಇವರಿಗೆ ಬಿಟ್ಟುಕೊಟ್ಟರು. ಬೊಲ್ಶಾಯಾ ಸದೋವಾಯಾ ಬೀದಿಯ 10ನೆಯ ಸಂಖ್ಯೆಯ ಕಟ್ಟಡ, 50ನೆಯ ನಂಬರಿನ ಮನೆ. ಒಂದು ಉದ್ದ ನಡುವಂಕಣ, ಅದರ ಎರಡು ಬದಿಯಲ್ಲಿ ಕೋಣೆಗೊಂದು ಸಂಸಾರ, ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ. ಕುಡಿತ, ಜಗಳ, ಕೂಗಾಟ ನಿತ್ಯದ ಮಾತು. ಕೋಣೆ ಸಿಕ್ಕಿದರೂ ಅಲ್ಲಿ ವಾಸಿಸಲು ಮನೆ ಸಮಿತಿ ಒಪ್ಪಬೇಕು, ಹೆಸರು ದಾಖಲಾಗಬೇಕು. ಸಮಿತಿಯವರು ಹೊರಹಾಕಲು ಹವಣಿಸಿದಾಗ ಲೆನಿನ್ ಅವರ ಪತ್ನಿ ಕ್ರುಪ್‌ಸ್ಕಾಯಾ ಅವರ ಶಿಫಾರಸಿನಿಂದ ಕೋಣೆ ಉಳಿಯಿತೆಂದು ಬುಲ್ಗಾಕೋವ್ ಅವರೇ ಬರೆದಿದ್ದಾರೆ. ಹಗಲು ರೈಲ್ವೆ ಕಾರ್ಮಿಕರ 'ಗುಡೋಕ್' ಪತ್ರಿಕೆಗೆ ಹೊಟ್ಟೆಪಾಡಿನ ಹಾಸ್ಯಬರಹಗಳು; ರಾತ್ರಿ ಕೀವ್‌ನ ನೆನಪಿನ 'ಶ್ವೇತ ಪಡೆ' ಕಾದಂಬರಿ.

ಆ ಕಾದಂಬರಿಯ ಚಳಿಗಾಲವನ್ನು ಅವರೊಡನೆ ಕೀವ್‌ನಲ್ಲಿ ಕಳೆದವರು ತತ್ಯಾನಾ. ಬರೆಯುವಾಗ ಚಳಿಗೆ ಮರಗಟ್ಟಿದ ಅವರ ಕೈಗಳಿಗೆ ಬಿಸಿನೀರು ಕಾಸಿ ತಂದವರೂ ಅವರೇ. 1924ರಲ್ಲಿ ವಿಚ್ಛೇದನವಾಯಿತು. 1925ರಲ್ಲಿ ಕಾದಂಬರಿಯ ಮೊದಲ ಭಾಗಗಳು ಪತ್ರಿಕೆಯಲ್ಲಿ ಅಚ್ಚಾದಾಗ ಅರ್ಪಣೆಯಲ್ಲಿ ಇದ್ದುದು ಎರಡನೆಯ ಪತ್ನಿ ಲ್ಯುಬೋವ್ ಬೆಲೊಜೆರ್‌ಸ್ಕಾಯಾ ಅವರ ಹೆಸರು. ಬುಲ್ಗಾಕೋವ್ ಅವರನ್ನು ಮೆಚ್ಚುವ ನಮಗೆ ಇದೊಂದು ಸಂಗತಿ ಎಂದೂ ಹಿತವಾಗಿಲ್ಲ. ತತ್ಯಾನಾ ಅವರು ಕಪ್ಪುಸಮುದ್ರದ ತೀರದ ತುಆಪ್ಸೆ ಎಂಬ ಊರಿನಲ್ಲಿ 1982ರವರೆಗೆ ಬದುಕಿದ್ದರು.

ಅದೇ ಕಾದಂಬರಿಯನ್ನು ಆಧರಿಸಿದ ನಾಟಕ 'ತುರ್ಬಿನರ ದಿನಗಳು' 1926ರ ಅಕ್ಟೋಬರ್ 5ರಂದು ಮಾಸ್ಕೋ ಆರ್ಟ್ ಥಿಯೇಟರಿನಲ್ಲಿ ರಂಗವೇರಿ ಅಪಾರ ಜನಪ್ರಿಯತೆ ಗಳಿಸಿತು. ಸ್ಟಾಲಿನ್ ಅವರು ಅದನ್ನು ಹಲವು ಬಾರಿ ನೋಡಿದರು. ಆದರೆ ಸೋತ ಶ್ವೇತ ಸೇನೆಯ ಅಧಿಕಾರಿಗಳನ್ನು ಮನುಷ್ಯರನ್ನಾಗಿ ಚಿತ್ರಿಸಿದ್ದನ್ನು ವಿಮರ್ಶಕರು ಸಹಿಸಲಿಲ್ಲ. ಬುಲ್ಗಾಕೋವ್ ಅವರು ತಮ್ಮನ್ನು ಕುರಿತ ಪತ್ರಿಕಾ ಬರಹಗಳನ್ನು ಕತ್ತರಿಸಿ ಅಂಟಿಸಿಟ್ಟಿದ್ದರು. ಹತ್ತು ವರ್ಷಗಳಲ್ಲಿ ಬಂದವು 301. ಹೊಗಳಿದವು 3, ತೆಗಳಿದವು 298. ನಾಟಕದ ಮೊದಲ ಪ್ರದರ್ಶನಕ್ಕೆ ಮುನ್ನವೇ, 1926ರ ಮೇ ತಿಂಗಳಲ್ಲಿ, ರಹಸ್ಯ ಪೊಲೀಸರು ಮನೆಯನ್ನು ಶೋಧಿಸಿ ದಿನಚರಿಯನ್ನೂ 'ನಾಯಿಯ ಹೃದಯ' ಎಂಬ ಕತೆಯ ಪ್ರತಿಯನ್ನೂ ಒಯ್ದಿದ್ದರು. ವೈದ್ಯನೊಬ್ಬ ಬೀದಿನಾಯಿಗೆ ಮನುಷ್ಯನ ಗ್ರಂಥಿಗಳನ್ನು ಕಸಿಮಾಡಲು, ಅದು ಮನುಷ್ಯನಾಗಿ, ಸರ್ಕಾರಿ ಕೆಲಸ ಹಿಡಿದು, ವೈದ್ಯನ ಮನೆಯಲ್ಲಿಯೇ ತನ್ನ ಪಾಲಿನ ಜಾಗ ಕೇಳುವ ಕತೆಯದು. ಅದು ಸೋವಿಯತ್ ದೇಶದಲ್ಲಿ ಅಚ್ಚಾದದ್ದು 1987ರಲ್ಲಿ. ಹಿಂದಕ್ಕೆ ಸಿಕ್ಕಿದ ದಿನಚರಿಯನ್ನು ಬುಲ್ಗಾಕೋವ್ ಅವರು ಸುಟ್ಟುಹಾಕಿದರು. ಆದರೆ ಪೊಲೀಸರು ತಮ್ಮ ಕಡತಕ್ಕಾಗಿ ಅದರ ನಕಲು ಮಾಡಿಟ್ಟುಕೊಂಡಿದ್ದರು. ದಶಕಗಳ ಬಳಿಕ ಆ ಕಡತದಿಂದಲೇ ದಿನಚರಿ ಹೊರಬಂದಿತು. ಲೇಖಕ ಸುಟ್ಟದ್ದನ್ನು ಪೊಲೀಸರು ಉಳಿಸಿದ ವಿಚಿತ್ರವಿದು!

1929ರ ಹೊತ್ತಿಗೆ ಅವರ ಎಲ್ಲ ನಾಟಕಗಳೂ ನಿಂತುಹೋದವು. 1930ರ ಮಾರ್ಚ್ 28ರಂದು ಸರ್ಕಾರಕ್ಕೆ ಒಂದು ದೀರ್ಘ ಪತ್ರ ಬರೆದರು. ದೇಶ ಬಿಡಲು ಅನುಮತಿ ಕೊಡಿ, ಇಲ್ಲವಾದರೆ ರಂಗಭೂಮಿಯಲ್ಲಿ ಯಾವುದಾದರೂ ಕೆಲಸ, ಕಡೆಗೆ ರಂಗದ ಸಾಮಾನು ಹೊರುವ ಕೆಲಸವನ್ನಾದರೂ ಕೊಡಿ ಎಂಬುದು ಅದರ ಸಾರ. ಸೈತಾನನನ್ನು ಕುರಿತು ಬರೆಯುತ್ತಿದ್ದ ಕಾದಂಬರಿಯ ಕರಡನ್ನು ತಾವೇ ಒಲೆಗೆ ಹಾಕಿದುದಾಗಿಯೂ ಅದರಲ್ಲಿ ತಿಳಿಸಿದ್ದರು. ಏಪ್ರಿಲ್ 14ರಂದು ಕವಿ ಮಾಯಕೋವ್‌ಸ್ಕಿ ಗುಂಡು ಹಾರಿಸಿಕೊಂಡು ಸತ್ತರು. ಏಪ್ರಿಲ್ 18ರಂದು ಬುಲ್ಗಾಕೋವ್ ಅವರ ಮನೆಯ ದೂರವಾಣಿ ಬಾರಿಸಿತು. ಆ ಕಡೆ ಇದ್ದವರು ಸ್ಟಾಲಿನ್. ದೇಶ ಬಿಡುವ ಆಸೆ ನಿಜವಾಗಿಯೂ ಇದೆಯೇ ಎಂದು ಕೇಳಿದಾಗ ಇವರು ತಡವರಿಸಿ, ರಷ್ಯನ್ ಲೇಖಕನು ತಾಯ್ನಾಡಿನ ಹೊರಗೆ ಇರಲಾರನೇನೋ ಎಂಬ ಅರ್ಥದ ಉತ್ತರ ಕೊಟ್ಟರು. ಆರ್ಟ್ ಥಿಯೇಟರಿನಲ್ಲಿ ಸಹಾಯಕ ನಿರ್ದೇಶಕರ ಕೆಲಸ ಸಿಕ್ಕಿತು. ಆದರೆ ದೇಶದ ಹೊರಗೆ ಹೋಗುವ ಬಾಗಿಲು ಮುಚ್ಚಿತು. 1934ರಲ್ಲಿ ಪ್ಯಾರಿಸ್ ಪ್ರವಾಸಕ್ಕೆಂದು ಕೇಳಿದ ಪಾಸ್‌ಪೋರ್ಟನ್ನು ಇಗೋ ಬಂತು ಎನ್ನುತ್ತಲೇ ಇದ್ದು ಕೊನೆಗೆ ನಿರಾಕರಿಸಿದರು. ಆ ದಿನ ದೂರವಾಣಿಯಲ್ಲಿ ಕೊಟ್ಟ ಉತ್ತರವನ್ನು ನೆನೆದು ಅವರು ವರ್ಷಗಟ್ಟಲೆ ಕೊರಗಿದರು.

ಸುಟ್ಟ ಕಾದಂಬರಿಯನ್ನು ಅವರು ಮತ್ತೆ ಬರೆಯತೊಡಗಿದರು. ಅದರಲ್ಲಿ ಸೈತಾನನು ವೊಲಾಂಡ್ ಎಂಬ ಹೆಸರಿನ ವಿದೇಶೀ ಪ್ರಾಧ್ಯಾಪಕನಾಗಿ ವಸಂತದ ಒಂದು ಸಂಜೆ ಮಾಸ್ಕೋದ ಉದ್ಯಾನಕ್ಕೆ ಬರುತ್ತಾನೆ. ದೇವರೂ ಇಲ್ಲ, ಸೈತಾನನೂ ಇಲ್ಲ ಎಂದು ವಾದಿಸುತ್ತಿರುವ ಸಂಪಾದಕನಿಗೆ ಅವನ ಸಾವನ್ನು ಮುಂಚೆಯೇ ಹೇಳುತ್ತಾನೆ. ಆ ಸಾವಿಗೆ ಸಿಡಿಲು ಬೇಕಾಗುವುದಿಲ್ಲ, ಶಾಪ ಬೇಕಾಗುವುದಿಲ್ಲ. ಅನ್ನುಷ್ಕಾ ಎಂಬ ಹೆಂಗಸು ಟ್ರಾಮ್ ಹಳಿಯ ಬಳಿ ಚೆಲ್ಲಿದ ಸೂರ್ಯಕಾಂತಿ ಎಣ್ಣೆ ಸಾಕಾಗುತ್ತದೆ. ಸೈತಾನನು ತನ್ನ ಬಿಡಾರಕ್ಕೆ ಆರಿಸಿಕೊಳ್ಳುವುದೂ ಸದೋವಾಯಾ ಬೀದಿಯ 50ನೆಯ ನಂಬರಿನ ಮನೆಯನ್ನೇ. ಅಲ್ಲಿ ಮನೆ ಸಮಿತಿಯ ಅಧ್ಯಕ್ಷನಿಗೆ ಲಂಚ ಸಲ್ಲುತ್ತದೆ. ದೊಡ್ಡ ಕಪ್ಪು ಬೆಕ್ಕು ಎರಡು ಕಾಲಿನ ಮೇಲೆ ನಿಂತು ಮಾತನಾಡುತ್ತದೆ. ಇಕ್ಕಟ್ಟಾದ ಅದೇ ಮನೆ ಸೈತಾನನ ಔತಣದ ರಾತ್ರಿ ಅರಮನೆಯಷ್ಟು ಹಿಗ್ಗುತ್ತದೆ. ಕೋಣೆಗಾಗಿ ಸಮಿತಿಯೊಡನೆ ಸೆಣಸಿದ ಲೇಖಕರಲ್ಲದೆ ಇನ್ನಾರಿಗೆ ಇಂಥ ಪವಾಡ ಹೊಳೆದೀತು?

ಆದರೆ ಈ ಕಾದಂಬರಿಯ ನಿಜವಾದ ಗುಟ್ಟು ನಮಗೆ ಕಂಡದ್ದು ಬೇರೊಂದು ಕಡೆ. ಸೈತಾನನು ಬರುವುದಕ್ಕೆ ಎರಡು ವರ್ಷ ಮೊದಲೇ ಆ ಮನೆಯಿಂದ ಜನರು ಕಾಣೆಯಾಗತೊಡಗಿರುತ್ತಾರೆ. ಪೊಲೀಸನೊಬ್ಬ ಬಂದು ಒಬ್ಬ ಬಾಡಿಗೆದಾರನನ್ನು ಕರೆದುಕೊಂಡು ಹೋಗುತ್ತಾನೆ, ಇಬ್ಬರೂ ಮರಳುವುದಿಲ್ಲ. ಆಮೇಲೆ ಮತ್ತೊಬ್ಬ, ಆಮೇಲೆ ಮನೆಯೊಡತಿ. ಬಾಗಿಲಿಗೆ ಮೊಹರು ಬೀಳುತ್ತದೆ. ಮನೆಗೆಲಸದಾಕೆ ಇದೆಲ್ಲ ಮಾಟವೆಂದು ನಿರ್ಧರಿಸುತ್ತಾಳೆ. ಲೇಖಕರು ಅದನ್ನು ತಿದ್ದುವುದಿಲ್ಲ. ಹಾಸ್ಯದ ಧ್ವನಿಯಲ್ಲಿಯೇ ಹೇಳಿ ಮುಂದೆ ಸಾಗುತ್ತಾರೆ. ರಾತ್ರಿ ಬಂಧನಗಳು ನಡೆಯುತ್ತಿದ್ದ, ಅವುಗಳನ್ನು ಹೆಸರಿಸುವುದೂ ಅಪಾಯವಾಗಿದ್ದ 1930ರ ದಶಕದಲ್ಲಿ ಬರೆದ ಮಾತಿದು. ಸೈತಾನನ ಮಾಟಗಳಾದರೋ ರಂಗಮಂದಿರದಲ್ಲಿ ಎಲ್ಲರೆದುರು ನಡೆಯುತ್ತವೆ, ಅವಕ್ಕೆ ಕಾರಣವೂ ತಿಳಿಯುತ್ತದೆ. ಯಾವ ವಿವರಣೆಯೂ ಇಲ್ಲದೆ ಮಾಯವಾಗುವವರು ಸರ್ಕಾರ ಕರೆದೊಯ್ದವರು ಮಾತ್ರ. ಅದ್ಭುತವನ್ನು ದಿನನಿತ್ಯದ ಬದುಕಿಗೆ ಬೆರೆಸಿದ್ದು ಬರಿಯ ವಿನೋದಕ್ಕಾಗಿ ಎಂದು ತಿಳಿಯುವವರು ಈ ಪುಟಗಳನ್ನು ಇನ್ನೊಮ್ಮೆ ಓದಬೇಕೆಂದು ನಮ್ಮ ಬಿನ್ನಹ.

1932ರಲ್ಲಿ ಅವರು ಯೆಲೆನಾ ಸೆರ್ಗೆಯೆವ್ನಾ ಅವರನ್ನು ಮದುವೆಯಾದರು. ಆಕೆ ಸೇನಾಧಿಕಾರಿಯೊಬ್ಬರ ಪತ್ನಿಯಾಗಿ ಸುಖದ ಬಾಳನ್ನು ಕಂಡವರು, ಇಬ್ಬರು ಗಂಡುಮಕ್ಕಳ ತಾಯಿ. ಎಲ್ಲವನ್ನೂ ಬಿಟ್ಟು ಅಚ್ಚಾಗದ ಲೇಖಕರ ಕೈ ಹಿಡಿದರು. ಕಾದಂಬರಿಯ ಮಾರ್ಗರೀಟಾ ಇವರೇ. 1936ರಲ್ಲಿ, ನಾಲ್ಕು ವರ್ಷ ತಾಲೀಮು ನಡೆದಿದ್ದ ಮೊಲಿಯೇರ್ ಕುರಿತ ನಾಟಕ ಏಳೇ ಪ್ರದರ್ಶನಗಳ ನಂತರ ನಿಂತಿತು. ಬುಲ್ಗಾಕೋವ್ ಅವರು ಆರ್ಟ್ ಥಿಯೇಟರನ್ನು ತೊರೆದರು.

1939ರಲ್ಲಿ ಅವರು ಸ್ಟಾಲಿನ್ ಅವರ ಯೌವನವನ್ನು ಕುರಿತು 'ಬಾತುಮ್' ಎಂಬ ನಾಟಕವನ್ನೂ ಬರೆದರು. ಇದನ್ನು ಮರೆಮಾಚುವುದು ಸರಿಯಲ್ಲ. ದಣಿದವರೊಬ್ಬರ ರಾಜಿ ಎಂದೇ ನಾವು ತಿಳಿಯುತ್ತೇವೆ. ಆ ರಾಜಿಯೂ ಫಲಿಸಲಿಲ್ಲ. ಆಗಸ್ಟ್ ತಿಂಗಳಲ್ಲಿ ನಾಟಕದ ಸಿದ್ಧತೆಗೆಂದು ಜಾರ್ಜಿಯಾಗೆ ಹೊರಟ ರೈಲಿನಲ್ಲಿಯೇ ತಂತಿ ಬಂದಿತು: ಪ್ರಯಾಣದ ಅಗತ್ಯವಿಲ್ಲ, ಮರಳಿ ಬನ್ನಿ ಎಂದು. ಮುಂದಿನ ತಿಂಗಳು ಕಣ್ಣು ಮಂಜಾಗತೊಡಗಿತು. ತಂದೆಯನ್ನು ಕೊಂದ ಅದೇ ಮೂತ್ರಪಿಂಡದ ಕಾಯಿಲೆ, ಹೆಚ್ಚುಕಡಿಮೆ ಅದೇ ವಯಸ್ಸು. ಸ್ವತಃ ವೈದ್ಯರಾದ ಅವರಿಗೆ ಮುಂದೇನೆಂಬುದು ತಿಳಿದಿತ್ತು. ಕಾಣದ ಕಣ್ಣಿನಲ್ಲಿ ಮಲಗಿದಲ್ಲಿಂದಲೇ ಕಾದಂಬರಿಯ ತಿದ್ದುಪಡಿಗಳನ್ನು ಹೇಳುತ್ತಾ ಹೋದರು; ಯೆಲೆನಾ ಬರೆದುಕೊಂಡರು. ಫೆಬ್ರವರಿಯಲ್ಲಿ ಆ ಕೆಲಸವೂ ನಿಂತಿತು. 1940ರ ಮಾರ್ಚ್ 10ರಂದು ತೀರಿಕೊಂಡರು. ವಯಸ್ಸು 48.

ಹಸ್ತಪ್ರತಿಯನ್ನು ಯೆಲೆನಾ ಅವರು ಯುದ್ಧದಲ್ಲಿಯೂ, ಸ್ಟಾಲಿನ್ ಕಾಲದಲ್ಲಿಯೂ, ಆಮೇಲೆಯೂ ಕಾಪಾಡಿದರು. ಸಂಪಾದಕರ ಬಾಗಿಲುಗಳನ್ನು ತಟ್ಟುತ್ತಲೇ ಇದ್ದರು. ಕೊನೆಗೆ 'ಮಾಸ್ಕ್ವಾ' ಎಂಬ ಮಾಸಪತ್ರಿಕೆಯು 1966ರ ನವೆಂಬರ್ ಮತ್ತು 1967ರ ಜನವರಿ ಸಂಚಿಕೆಗಳಲ್ಲಿ ಕಾದಂಬರಿಯನ್ನು ಕತ್ತರಿಸಿ ಪ್ರಕಟಿಸಿತು. ಕತ್ತರಿಸಿದ ಭಾಗಗಳನ್ನು ಓದುಗರು ಬೆರಳಚ್ಚು ಮಾಡಿ ಕೈಯಿಂದ ಕೈಗೆ ದಾಟಿಸಿದರು. ಪೂರ್ಣ ಪಠ್ಯ ಸೋವಿಯತ್ ದೇಶದಲ್ಲಿ ಪುಸ್ತಕವಾಗಿ ಬಂದದ್ದು 1973ರಲ್ಲಿ. ಅದನ್ನು ನೋಡಲು ಯೆಲೆನಾ ಇರಲಿಲ್ಲ. 1970ರಲ್ಲಿ ತೀರಿಕೊಂಡ ಆಕೆ ಮಾಸ್ಕೋದ ನೊವೊದೆವಿಚಿ ಸ್ಮಶಾನದಲ್ಲಿ ಪತಿಯ ಪಕ್ಕದಲ್ಲಿಯೇ ಇದ್ದಾರೆ. ಅಲ್ಲಿರುವ ಒರಟು ಕಲ್ಲು ಒಂದು ಕಾಲಕ್ಕೆ ಗೊಗೋಲ್ ಅವರ ಸಮಾಧಿಯ ಮೇಲಿತ್ತು. ಹೊಸ ಸ್ಮಾರಕ ನಿಂತಾಗ ಮೂಲೆಗೆ ಬಿದ್ದಿದ್ದ ಅದನ್ನು ಯೆಲೆನಾ ಕಂಡು ತಂದಿರಿಸಿದರು. ಬುಲ್ಗಾಕೋವ್ ಅವರು ಗುರುವೆಂದು ಭಾವಿಸಿದ್ದು ಗೊಗೋಲ್ ಅವರನ್ನೇ.

ಕಾದಂಬರಿ ಹಲವಾರು ಭಾಷೆಗಳಿಗೆ ಹೋಯಿತು. ಸಲ್ಮಾನ್ ರಶ್ದಿ ಅವರಂಥವರು ಅದರ ಋಣವನ್ನು ಒಪ್ಪಿಕೊಂಡಿದ್ದಾರೆ. ಹುಟ್ಟಿದ ಊರಿನಲ್ಲಿ ಮಾತ್ರ ಅವರ ಹೆಸರು ಈಗ ವಿವಾದದಲ್ಲಿದೆ. ಕೀವ್‌ನ ಆಂದ್ರೇಯೆವ್‌ಸ್ಕಿ ಇಳಿಜಾರಿನ 13ನೆಯ ಸಂಖ್ಯೆಯ ಮನೆ ಅವರ ವಸ್ತುಸಂಗ್ರಹಾಲಯವಾಗಿತ್ತು; ಉಕ್ರೇನಿನ ರಾಷ್ಟ್ರೀಯತೆಯನ್ನೂ ಭಾಷೆಯನ್ನೂ ಅವರು ಹಗುರವಾಗಿ ಕಂಡರೆಂಬ ಕಾರಣಕ್ಕೆ, 2022ರ ಯುದ್ಧದ ನಡುವೆ, ಅದನ್ನು ಮುಚ್ಚಬೇಕೆಂದು ಅಲ್ಲಿನ ಲೇಖಕರ ಸಂಘವು ಒತ್ತಾಯಿಸಿತು. ತಾಯ್ನುಡಿಯ ಅಭಿಮಾನವುಳ್ಳ ನಮಗೆ ಆ ನೋವು ಅರ್ಥವಾಗುತ್ತದೆ. 'ಶ್ವೇತ ಪಡೆ'ಯನ್ನು ಓದಿದಾಗ ಆ ದೂರು ಪೂರ್ತಿ ಸುಳ್ಳೆಂದು ತಳ್ಳಿಹಾಕಲೂ ಆಗುವುದಿಲ್ಲ.

ಮಾಸ್ಕೋದ ಸದೋವಾಯಾ ಬೀದಿಯ ಕಟ್ಟಡದಲ್ಲಿ, 1980ರ ದಶಕದ ತರುಣ ಓದುಗರು ಐವತ್ತನೆಯ ನಂಬರಿನ ಮನೆಗೆ ಹೋಗುವ ಮೆಟ್ಟಿಲ ಗೋಡೆಯ ಮೇಲೆ ಬೆಕ್ಕಿನ ಚಿತ್ರಗಳನ್ನೂ ಕಾದಂಬರಿಯ ಮಾತುಗಳನ್ನೂ ಬರೆಯತೊಡಗಿದರು. ಗೋಡೆಗೆ ಬಣ್ಣ ಬಳಿದರೆ ಮತ್ತೆ ಬರೆದರು. 2007ರಲ್ಲಿ ಆ ಮನೆ ಸರ್ಕಾರಿ ವಸ್ತುಸಂಗ್ರಹಾಲಯವಾಯಿತು.